ಹಾರುವ ಕೋಟೆಗೆ ಬೆಂಗಾವಲು ಯಾರು?

1948ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ತಂಡವೊಂದು ಕಾನ್ಪುರದ ಚಕೇರಿ ವಿಮಾನನೆಲೆಗೆ ಹೋಯಿತು. ಅಲ್ಲಿ ಲಿಬರೇಟರ್ ಎಂಬ ನಾಲ್ಕು ಎಂಜಿನ್ನಿನ ಅಮೆರಿಕನ್ ಬಾಂಬರ್ ವಿಮಾನಗಳು ಬಿಸಿಲು ಮಳೆಗೆ ಮೈಯೊಡ್ಡಿ ಸಾಲುಗಟ್ಟಿ ನಿಂತಿದ್ದವು. ಎರಡನೆಯ ಮಹಾಯುದ್ಧಕ್ಕೆಂದು ಅಮೆರಿಕ ಬ್ರಿಟನ್ನಿಗೆ ಕೊಟ್ಟಿದ್ದ ವಿಮಾನಗಳಿವು. ಯುದ್ಧ ಮುಗಿದ ಮೇಲೆ ಯಾರ ಕೈಗೂ ಉಪಯೋಗಕ್ಕೆ ಬರಬಾರದೆಂದು ಬ್ರಿಟಿಷರು ಅವನ್ನು ಬೇಕೆಂದೇ ಕೆಡಿಸಿ, ಗುಜರಿಗೆಂದು ಬಿಟ್ಟುಹೋಗಿದ್ದರು. ಬೆಂಗಳೂರಿನ ಮೆಕ್ಯಾನಿಕ್‌ಗಳು ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಹೇಗೋ ಹಾರುವಷ್ಟು ಮಾತ್ರ ಸರಿಮಾಡಿದರು. ಕಾರ್ಖಾನೆಯ ಪೈಲಟ್ ಜಮ್ಷೇದ್ ಮುನ್ಷಿ ಅವನ್ನು ಒಂದೊಂದಾಗಿ ಸುಮಾರು 1500 ಕಿಲೋಮೀಟರ್ ದೂರದ ಬೆಂಗಳೂರಿಗೆ ಹಾರಿಸಿಕೊಂಡು ತಂದರು. ಪೂರ್ತಿ ದುರಸ್ತಿ ನಡೆದದ್ದು ಇಲ್ಲಿ. ಹೀಗೆ ನಲವತ್ತರಷ್ಟು ವಿಮಾನಗಳಿಗೆ ಮರುಜೀವ ಬಂತು. ಅದೇ ವರ್ಷ ನವೆಂಬರಿನಲ್ಲಿ ಸ್ವತಂತ್ರ ಭಾರತದ ಮೊದಲ ಭಾರಿ ಬಾಂಬರ್ ಪಡೆ, ವಾಯುಪಡೆಯ 5ನೇ ಸ್ಕ್ವಾಡ್ರನ್, ಈ ವಿಮಾನಗಳನ್ನು ನೆಚ್ಚಿಕೊಂಡೇ ಹುಟ್ಟಿತು.

ನಮ್ಮ ರಾಜ್ಯದ ಕೆಲಸಗಾರರ ಈ ಸಾಹಸದ ಬಗ್ಗೆ ಹೆಮ್ಮೆಪಡಲು ಕಾರಣಗಳು ಬೇಕಾದಷ್ಟಿವೆ. ಆದರೆ ಇವತ್ತು ಹೇಳಬೇಕೆಂದಿರುವುದು ಬೇರೆ ಸಂಗತಿ. ಆ ವಿಮಾನದ ಮೈತುಂಬ ಮೆಷಿನ್‌ಗನ್‌ಗಳಿದ್ದವು. ಮೂತಿಯಲ್ಲಿ ಎರಡು, ಬೆನ್ನ ಮೇಲೆ ಎರಡು, ಹೊಟ್ಟೆಯಡಿ ಎರಡು, ಬಾಲದಲ್ಲಿ ಎರಡು, ಎಡಬಲದ ಕಿಟಕಿಗಳಲ್ಲಿ ಒಂದೊಂದು, ಒಟ್ಟು ಹತ್ತು. ಒಂದೊಂದೂ ನಿಮಿಷಕ್ಕೆ ಏಳೆಂಟು ನೂರು ಗುಂಡು ಹಾರಿಸುವಂಥದ್ದು. ಹತ್ತು ಜನ ಸಿಬ್ಬಂದಿಯಲ್ಲಿ ಅರ್ಧಕ್ಕರ್ಧ ಜನರ ಕೆಲಸ ಈ ಗನ್‌ಗಳನ್ನು ಹಿಡಿದು ಆಕಾಶ ನೋಡುತ್ತ ಕೂರುವುದು. ಇಷ್ಟೆಲ್ಲ ಇದ್ದೂ ಲಿಬರೇಟರ್‌ಗಳು, ಅವುಗಳ ಜೊತೆಗಾರ ಬಿ-17 ವಿಮಾನಗಳು ನೂರುಗಟ್ಟಲೆ ಉರುಳಿಬಿದ್ದವು. ಏಕೆ?

ಹಂಪಿಯ ಸುತ್ತ ಬದುಕುವ ನಮಗೆ ಈ ಪ್ರಶ್ನೆ ಬೇರೆಯವರಿಗಿಂತ ಬೇಗ ಅರ್ಥವಾಗಬೇಕು. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್ ಒಂದರೊಳಗೊಂದು ಏಳು ಸುತ್ತಿನ ಕೋಟೆಯನ್ನು ಕಂಡು ಬೆರಗಾದ. ಹೊರಗೋಡೆಯ ಮುಂದಿನ ಬಯಲಿನಲ್ಲಿ ಆಳೆತ್ತರದ ಕಲ್ಲುಗಳನ್ನು ಅರ್ಧ ಹೂತು ನಿಲ್ಲಿಸಿದ್ದರೆಂದು, ಕುದುರೆಯಾಗಲಿ ಕಾಲಾಳಾಗಲಿ ಸಲೀಸಾಗಿ ಗೋಡೆಯ ಹತ್ತಿರ ಬರಲು ಸಾಧ್ಯವಿರಲಿಲ್ಲವೆಂದು ಬರೆದ. ಅಂಥ ನಗರ 1565ರಲ್ಲಿ ಮುತ್ತಿಗೆಯೇ ಇಲ್ಲದೆ ಕೈಬಿಟ್ಟು ಹೋಯಿತು. ಸುಮಾರು ನೂರು ಕಿಲೋಮೀಟರ್ ಬಡಗಣಕ್ಕೆ, ಕೃಷ್ಣೆಯ ದಡದ ರಕ್ಕಸಗಿ ತಂಗಡಗಿಗಳ ಬಯಲಿನಲ್ಲಿ ಸೈನ್ಯ ಸೋತ ಮೇಲೆ ಇಲ್ಲಿ ಗೋಡೆಗಳ ಹಿಂದೆ ನಿಂತು ಕಾದಾಡುವವರೇ ಉಳಿದಿರಲಿಲ್ಲ. ಗೋಡೆ ಎಷ್ಟೇ ದಪ್ಪವಿರಲಿ, ಹೊರಗೆ ಹೋಗಿ ಶತ್ರುವನ್ನು ತಡೆಯುವ ಪಡೆ ಇಲ್ಲವಾದರೆ ಅದು ಬರೀ ಕಲ್ಲು. ಬಾಂಬರ್‌ಗಳ ಗನ್‌ಗಳ ಕಥೆಯೂ ಇದೇ ಎಂದು ನನ್ನ ತಿಳಿವಳಿಕೆ.

ಮೊದಲು ಆ ಕಾಲದ ನಂಬಿಕೆಯನ್ನು ನೋಡಬೇಕು. 1932ರಲ್ಲಿ ಬ್ರಿಟನ್ನಿನ ಸ್ಟ್ಯಾನ್ಲಿ ಬಾಲ್ಡ್ವಿನ್, ಯಾರು ಏನೇ ಮಾಡಿದರೂ ಬಾಂಬರ್ ತನ್ನ ಗುರಿ ಮುಟ್ಟಿಯೇ ಮುಟ್ಟುತ್ತದೆ ಎಂದು ಸಂಸತ್ತಿನಲ್ಲಿ ಹೇಳಿದ್ದರು. ಆಗ ಫೈಟರ್‌ಗಳಿಗೂ ಬಾಂಬರ್‌ಗಳಿಗೂ ವೇಗದಲ್ಲಿ ಹೆಚ್ಚು ಅಂತರವಿರಲಿಲ್ಲ, ರೇಡಾರ್ ಹುಟ್ಟಿರಲಿಲ್ಲ. ಅಮೆರಿಕದ ಸೇನಾನಿಗಳು ಇನ್ನೊಂದು ಹೆಜ್ಜೆ ಮುಂದೆ ಹೋದರು. ಹಗಲು ಹೊತ್ತಿನಲ್ಲೇ, ಬೆಂಗಾವಲಿಲ್ಲದೆ, ಬಾಂಬರ್‌ಗಳು ಒತ್ತೊತ್ತಾಗಿ ಹಾರಿದರೆ ಒಂದರ ಗನ್ ಇನ್ನೊಂದನ್ನು ಕಾಯುತ್ತದೆ, ಯಾವ ಫೈಟರ್ ಪಡೆಯೂ ಹತ್ತಿರ ಸುಳಿಯಲಾರದು ಎಂಬುದು ಅವರ ಲೆಕ್ಕ. ಹದಿನೆಂಟು ಇಪ್ಪತ್ತು ವಿಮಾನಗಳನ್ನು ಮೇಲೆ ಕೆಳಗೆ, ಹಿಂದೆ ಮುಂದೆ ಜೋಡಿಸಿ ಒಂದು ವ್ಯೂಹ; ಅಂಥ ಮೂರು ವ್ಯೂಹ ಸೇರಿ ಒಂದು ದಂಡು. ಕಾಗದದ ಮೇಲೆ ಲೆಕ್ಕ ಹಾಕಿದರೆ ಐನೂರಕ್ಕೂ ಹೆಚ್ಚು ಗನ್‌ಗಳು ಎಂಟೂ ದಿಕ್ಕಿಗೆ ಬಾಯಿ ತೆರೆದು ಕೂತಿರುತ್ತಿದ್ದವು.

ಕಾಗದದಿಂದ ಇಳಿದು ಆ ಗನ್ನರ್‌ನ ಜಾಗಕ್ಕೆ ಹೋಗೋಣ. ಆತನಿಗೆ ಹತ್ತೊಂಬತ್ತೋ ಇಪ್ಪತ್ತೋ ವರ್ಷ. ಏಳೂವರೆ ಸಾವಿರ ಮೀಟರ್ ಎತ್ತರದಲ್ಲಿ, ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ, ತೆರೆದ ಕಿಟಕಿಯ ಮುಂದೆ ನಿಂತಿದ್ದಾನೆ. ಮೈಮೇಲೆ ವಿದ್ಯುತ್ತಿನಿಂದ ಕಾಯುವ ಉಡುಪು, ಮುಖಕ್ಕೆ ಆಮ್ಲಜನಕದ ಮುಖವಾಡ. ಗನ್ನಿನ ಗುಂಡಿನಪಟ್ಟಿ ಸಿಕ್ಕಿಕೊಂಡಿತೆಂದು ಕೈಗವಸು ಬಿಚ್ಚಿದರೆ ಬೆರಳ ಚರ್ಮ ಲೋಹಕ್ಕೆ ಅಂಟಿಕೊಳ್ಳುತ್ತದೆ. ಹಿಮದಿಂದ ಕೈಕಾಲಿನ ಬೆರಳು ಕಳೆದುಕೊಂಡವರಿಗೆ ಲೆಕ್ಕವಿಲ್ಲ. ಆತ ನಿಂತ ವಿಮಾನ ಗಂಟೆಗೆ ಮುನ್ನೂರು ಕಿಲೋಮೀಟರಿನಷ್ಟು ವೇಗದಲ್ಲಿ, ಅಂದರೆ ಸೆಕೆಂಡಿಗೆ ಎಂಬತ್ತು ಮೀಟರ್ ಲೆಕ್ಕದಲ್ಲಿ ಮುಂದೋಡುತ್ತಿದೆ. ಪಕ್ಕಕ್ಕೆ ಹಾರಿಸಿದ ಗುಂಡಿಗೂ ಆ ಓಟ ಅಂಟಿಕೊಂಡೇ ಇರುತ್ತದೆ. ನಾನೂರು ಮೀಟರ್ ದೂರದ ವಿಮಾನವನ್ನು ಮುಟ್ಟಲು ಗುಂಡಿಗೆ ಅರ್ಧ ಸೆಕೆಂಡ್ ಬೇಕು. ಅಷ್ಟರಲ್ಲಿ ಗುಂಡು ನಲವತ್ತು ಮೀಟರಿನಷ್ಟು ಮುಂದಕ್ಕೆ ಸರಿದಿರುತ್ತದೆ. ಹಾಗಾಗಿ ಪಕ್ಕದಿಂದ ಎರಗಿ ಬರುವ ಶತ್ರುವಿನ ಮೂತಿಗೆ ಗುರಿಯಿಟ್ಟರೆ ಗುಂಡು ದಂಡ. ಶತ್ರು ವಿಮಾನಕ್ಕೂ ತನ್ನ ವಿಮಾನದ ಬಾಲಕ್ಕೂ ನಡುವಿನ ಖಾಲಿ ಆಕಾಶಕ್ಕೆ ಗುರಿಯಿಡಬೇಕು. ನೆಲದ ಮೇಲೆ ಹಕ್ಕಿ ಹೊಡೆದು ಕಲಿತ ಹುಡುಗರಿಗೆ ಇದು ಪೂರಾ ತಲೆಕೆಳಗಿನ ಪಾಠ. ಇದನ್ನು ಕೆಲವು ವಾರಗಳಲ್ಲಿ ಕಲಿಸಿ, ಸಾವು ಎದುರಿಗೆ ಬರುವಾಗ ಎರಡು ಮೂರು ಸೆಕೆಂಡಿನಲ್ಲಿ ನೆನಪಿಸಿಕೊಂಡು ಮಾಡು ಎಂದು ಕಳಿಸುತ್ತಿದ್ದರು.

ಜರ್ಮನರು ಬಿದ್ದ ಬಿ-17 ವಿಮಾನಗಳನ್ನು ಬಿಡಿಸಿ ನೋಡಿ ತಮ್ಮ ಲೆಕ್ಕ ಹಾಕಿದರು. ಹಿಂದಿನಿಂದ ಹೊಡೆದರೆ ಇಂಥ ಬಾಂಬರ್ ಬೀಳಲು 20 ಮಿಲಿಮೀಟರ್ ಫಿರಂಗಿಯ ಸುಮಾರು ಇಪ್ಪತ್ತು ಗುಂಡು ತಾಗಬೇಕು. ಸಾಧಾರಣ ಪೈಲಟ್ ಹಾರಿಸಿದ ನೂರರಲ್ಲಿ ಎರಡು ತಾಗಿದರೆ ಹೆಚ್ಚು. ಆದರೆ ಎದುರಿನಿಂದ, ಪೈಲಟ್‌ಗಳ ಮುಖಕ್ಕೇ ಹೊಡೆದರೆ ನಾಲ್ಕೈದು ಗುಂಡು ಸಾಕು. 1942ರ ನವೆಂಬರಿನಲ್ಲಿ ಎಗೋನ್ ಮೇಯರ್ ಎಂಬ ಜರ್ಮನ್ ಪೈಲಟ್ ಎದುರುದಾಳಿಯ ಈ ಪಟ್ಟನ್ನು ಯಶಸ್ವಿಯಾಗಿ ಹಾಕಿ ತೋರಿಸಿದ. ಎರಡೂ ವಿಮಾನ ಒಂದರತ್ತ ಒಂದು ನುಗ್ಗುವಾಗ ಅಂತರ ಸೆಕೆಂಡಿಗೆ ಇನ್ನೂರು ಮೀಟರಿಗೂ ಹೆಚ್ಚು ಕರಗುತ್ತದೆ. ಗುಂಡು ಹಾರಿಸಲು ಇಬ್ಬರಿಗೂ ಸಿಗುವುದು ಎರಡೇ ಸೆಕೆಂಡು. ಆಗ ಮೂತಿಯ ಕಡೆ ಬಾಂಬರಿನ ಕಾವಲು ತೀರ ತೆಳುವಾಗಿತ್ತು. ಅದಕ್ಕೇ ಮುಂದೆ ಬಂದ ಬಿ-17ಗಳ ಗದ್ದದಡಿ, ಲಿಬರೇಟರಿನ ಮೂತಿಯಲ್ಲಿ ಜೋಡಿ ಗನ್ನಿನ ತಿರುಗುಗೂಡು ಕೂತಿತು. ಕಾನ್ಪುರದಲ್ಲಿ ನಮ್ಮವರಿಗೆ ಸಿಕ್ಕ ಲಿಬರೇಟರ್‌ಗಳ ಮೊಂಡು ಮೂತಿಯ ಹಿಂದೆ ಇಷ್ಟು ಹೆಣಗಳ ಪಾಠವಿದೆ.

ಈ ನಂಬಿಕೆಯ ಕಠಿಣ ಪರೀಕ್ಷೆ 1943ರಲ್ಲಿ ನಡೆಯಿತು. ಆಗಸ್ಟ್ 17ರಂದು ಜರ್ಮನಿಯ ಶ್ವೈನ್‌ಫುರ್ಟ್‌ನ ಬೇರಿಂಗ್ ಕಾರ್ಖಾನೆಗಳಿಗೂ ರೇಗೆನ್ಸ್‌ಬುರ್ಗ್‌ನ ವಿಮಾನ ಕಾರ್ಖಾನೆಗೂ 376 ಬಿ-17ಗಳು ಹೊರಟವು. ಜರ್ಮನಿಯ ಗಡಿಯಿಂದಾಚೆಗೆ ಬೆಂಗಾವಲಿಲ್ಲ. 60 ವಿಮಾನ ಹೋದವು, ಅಂದರೆ ಒಂದೇ ದಿನಕ್ಕೆ 600 ಜನ. ಮರಳಿ ಬಂದ ಗನ್ನರ್‌ಗಳು ತಾವು 288 ಜರ್ಮನ್ ಫೈಟರ್‌ಗಳನ್ನು ಕೆಡವಿದೆವು ಎಂದು ಪ್ರಾಮಾಣಿಕವಾಗಿಯೇ ವರದಿ ಕೊಟ್ಟರು. ನಿಜವಾಗಿ ಬಿದ್ದದ್ದು ಮೂವತ್ತರೊಳಗೆ. ಒಂದು ಫೈಟರ್ ಹೊಗೆಯುಗುಳಿ ಕೆಳಗಿಳಿದರೆ ಅದನ್ನು ಹೊಡೆದದ್ದು ನಾನೇ ಎಂದು ಹತ್ತು ಜನ ನಂಬಿರುತ್ತಿದ್ದರು. ಆ ಸುಳ್ಳು ಲೆಕ್ಕವನ್ನು ಮೇಲಿನವರು ನಿಜವೆಂದು ಹಿಡಿದುಕೊಂಡದ್ದು ದೊಡ್ಡ ಅನಾಹುತ. ಶತ್ರು ಸವೆಯುತ್ತಿದ್ದಾನೆ ಎಂದುಕೊಂಡು ಅಕ್ಟೋಬರ್ 14ರಂದು ಮತ್ತೆ ಅದೇ ಶ್ವೈನ್‌ಫುರ್ಟ್‌ಗೆ 291 ವಿಮಾನಗಳನ್ನು ಕಳಿಸಿದರು. ಮತ್ತೆ 60 ಹೋದವು. ಇಪ್ಪತ್ತೈದು ಸಲ ಹಾರಿದರೆ ಮನೆಗೆ ಕಳಿಸುತ್ತೇವೆ ಎಂಬ ಮಾತು ಆ ಹುಡುಗರಿಗಿತ್ತು. ಸಲಕ್ಕೆ ಐದರಲ್ಲಿ ಒಂದು ವಿಮಾನ ಬೀಳುವಲ್ಲಿ ಇಪ್ಪತ್ತೈದರ ಮಾತೆಲ್ಲಿ ಬಂತು!

ನಮಗೆ ಹತ್ತಿರದ ರಣರಂಗ ಬರ್ಮಾ. ಬಂಗಾಳದ ನೆಲೆಗಳಿಂದ ಲಿಬರೇಟರ್‌ಗಳು ರಂಗೂನ್, ಬ್ಯಾಂಕಾಕ್‌ಗಳವರೆಗೆ ಹೋಗಿಬರುತ್ತಿದ್ದವು. ಅವುಗಳಿಗೆ ನಮ್ಮ ನಾಡೇ ಬೆನ್ನೆಲುಬು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, 1940ರ ಡಿಸೆಂಬರಿನಲ್ಲಿ, ಮೈಸೂರು ಸರ್ಕಾರದ ನೆರವಿನಿಂದ ವಾಲ್‌ಚಂದ್ ಹೀರಾಚಂದ್ ಕಟ್ಟಿದ ಬೆಂಗಳೂರಿನ ಕಾರ್ಖಾನೆ 1943ರಲ್ಲಿ ಅಮೆರಿಕನ್ ವಾಯುಪಡೆಯ 84ನೇ ಏರ್ ಡಿಪೋ ಆಯಿತು. ಬಾಂಬರ್‌ಗಳು, ಸಾಗಣೆ ವಿಮಾನಗಳು ದುರಸ್ತಿಗೆ ಅಲ್ಲಿಗೆ ಬರುತ್ತಿದ್ದವು. ಬ್ರಿಟಿಷ್ ಸಿಬ್ಬಂದಿಗೆ ಲಿಬರೇಟರ್ ಹಾರಿಸುವ ತರಬೇತಿ ಕೋಲಾರದ ವಾಯುನೆಲೆಯಲ್ಲಿ ನಡೆಯುತ್ತಿತ್ತು. 1944ರ ನವೆಂಬರಿನಲ್ಲಿ ಬ್ರಿಟನ್ನಿನ 358ನೇ ಸ್ಕ್ವಾಡ್ರನ್ ಹುಟ್ಟಿದ್ದೂ ಅಲ್ಲೇ.

ಗನ್ನರ್‌ಗಳು ಕೈಲಾಗದವರು ಎಂದು ಯಾರೂ ತಿಳಿಯಬಾರದು. 1942ರ ಮೇ 22ರಂದು ಬ್ರಿಟನ್ನಿನ ಒಂಟಿ ಬ್ಲೆನ್‌ಹೀಮ್ ಬಾಂಬರ್ ಒಂದು ಅಕ್ಯಾಬ್ ಮೇಲೆ ದಾಳಿ ಮಾಡಿ ಬಂಗಾಳ ಕೊಲ್ಲಿಯ ಮೇಲೆ ಹಿಂತಿರುಗುತ್ತಿತ್ತು. ಜಪಾನಿನ ಹೆಸರಾಂತ 64ನೇ ದಳದ ಫೈಟರ್‌ಗಳು ಅಟ್ಟಿಸಿಕೊಂಡು ಬಂದವು. ಬ್ಲೆನ್‌ಹೀಮ್ ಪೈಲಟ್ ನೀರಿಗೆ ತಾಗುವಷ್ಟು ಕೆಳಗೆ ಹಾರಿದ. ಹೊಟ್ಟೆಯ ಕಡೆಯಿಂದ ದಾಳಿ ಮಾಡಲು ಜಾಗವೇ ಉಳಿಯಲಿಲ್ಲ. ಬೆನ್ನಿನ ಗೂಡಿನಲ್ಲಿ ಕೂತ ಮ್ಯಾಕ್‌ಲಕಿ ಎಂಬ ಸಾರ್ಜೆಂಟ್ ಒಬ್ಬನೇ ಕಾದಾಡಿದ. ಎರಗಿ ಮೇಲೆದ್ದ ಒಂದು ಫೈಟರಿನ ಹೊಟ್ಟೆಗೆ ಆತನ ಗುಂಡು ತಾಗಿ ಬೆಂಕಿ ಹತ್ತಿತು. ಸಮುದ್ರಕ್ಕೆ ಬಿದ್ದು ಸತ್ತವನು ದಳದ ನಾಯಕ ತಾತೆಯೋ ಕಾತೋ, ಜಪಾನೆಲ್ಲ ಮೆರೆಸುತ್ತಿದ್ದ ವೀರ. ಇದು ನಡೆದ ಘಟನೆ. ಆದರೆ ಇಂಥ ಒಂದು ಗೆಲುವನ್ನು ನಿಯಮವೆಂದು ನಂಬಿ ಸಾವಿರಾರು ಜನರನ್ನು ಕಳಿಸಲಾಗದು. 1943ರ ನವೆಂಬರ್ ಕೊನೆಯಲ್ಲಿ ರಂಗೂನಿನ ಇನ್ಸೀನ್ ರೈಲ್ವೆ ಕಾರ್ಖಾನೆಗಳ ಮೇಲೆ ಲಿಬರೇಟರ್‌ಗಳು ಹೋದಾಗ ಅದೇ 64ನೇ ದಳದವರು ಎದುರಿನಿಂದ ನುಗ್ಗಿ ಹಲವು ವಿಮಾನಗಳನ್ನು ಕೆಡವಿದರು. ಅವರ ಫೈಟರಿನಲ್ಲಿದ್ದದ್ದು ಎರಡೇ ಮೆಷಿನ್‌ಗನ್. ಹತ್ತು ಗನ್ನಿನ ವಿಮಾನವನ್ನು ಎರಡು ಗನ್ನಿನ ವಿಮಾನ ಕೆಡವಿತು, ಏಕೆಂದರೆ ಎಲ್ಲಿಂದ, ಯಾವಾಗ ಹೊಡೆಯಬೇಕು ಎಂದು ತೀರ್ಮಾನಿಸುವವನು ದಾಳಿಗಾರ.

ಬಾಂಬರಿಗೇ ಇನ್ನಷ್ಟು ಗನ್ ತುಂಬಿ ಅದನ್ನೇ ಬೆಂಗಾವಲಾಗಿ ಕಳಿಸಿದರೆ? ಅದನ್ನೂ ಮಾಡಿ ನೋಡಿದರು. ವೈಬಿ-40 ಎಂಬ ಆ ವಿಮಾನದಲ್ಲಿ ಬಾಂಬಿಗೆ ಬದಲು ಗನ್ನು, ಗುಂಡು, ಉಕ್ಕಿನ ತಗಡು. ಹೋಗುವಾಗ ಹೇಗೋ ಜೊತೆಗಿತ್ತು. ಬಾಂಬು ಇಳಿಸಿ ಹಗುರಾದ ಉಳಿದ ವಿಮಾನಗಳು ವೇಗವಾಗಿ ಮನೆ ಕಡೆ ತಿರುಗಿದಾಗ, ಕಾಯಬೇಕಾದ ಇದು ಭಾರ ಹೊತ್ತು ಹಿಂದುಳಿಯಿತು. ಕೆಲವೇ ತಿಂಗಳಲ್ಲಿ ಕೈಬಿಟ್ಟರು.

ಉಳಿಸಿದ್ದು ಬೇರೆ. ಮಸ್ಟಾಂಗ್ ಎಂಬ ಒಂಟಿ ಎಂಜಿನ್ನಿನ ಫೈಟರಿಗೆ ಬ್ರಿಟಿಷ್ ಮೆರ್ಲಿನ್ ಎಂಜಿನ್ ಕೂಡಿಸಿದಾಗ ಎತ್ತರದಲ್ಲೂ ಅದಕ್ಕೆ ಸಾಟಿಯಿಲ್ಲದಾಯಿತು. ರೆಕ್ಕೆಯಡಿ ಹೆಚ್ಚುವರಿ ಪೆಟ್ರೋಲ್ ಟ್ಯಾಂಕ್ ನೇತುಹಾಕಿದರು. ಪೆಟ್ರೋಲ್ ಮುಗಿದೊಡನೆ, ಇಲ್ಲವೇ ಶತ್ರು ಕಂಡೊಡನೆ ಅದನ್ನು ಕೆಳಗೆ ಬಿಟ್ಟು ಹಗುರಾಗಿ ಕಾದಾಡಬಹುದು. ಬ್ರಿಟನ್ನಿನಲ್ಲಿ ಇಂಥ ಟ್ಯಾಂಕುಗಳನ್ನು ಗೋಂದು ಹಚ್ಚಿ ಒತ್ತಿದ ಕಾಗದದಿಂದ ಮಾಡಿದರು. ನೋಡಿ, ಹತ್ತು ಗನ್ನು, ಟನ್ನುಗಟ್ಟಲೆ ಗುಂಡು ಮಾಡಲಾಗದ್ದನ್ನು ಒಂದು ಕಾಗದದ ಟ್ಯಾಂಕು ಮಾಡಿತು. ಮಸ್ಟಾಂಗ್ ಈಗ ಬರ್ಲಿನ್‌ವರೆಗೂ ಹೋಗಿ ಬರಬಲ್ಲದು.

ಅದಕ್ಕಿಂತ ದೊಡ್ಡ ಬದಲಾವಣೆ ಒಂದು ಆಜ್ಞೆಯಲ್ಲಿತ್ತು. 1944ರ ಜನವರಿಯಲ್ಲಿ ಇಂಗ್ಲೆಂಡಿನಲ್ಲಿದ್ದ ಅಮೆರಿಕದ ಎಂಟನೇ ವಾಯುಪಡೆಯ ಹೊಣೆ ಹೊತ್ತ ಜಿಮ್ಮಿ ಡೂಲಿಟಲ್, ಬಾಂಬರ್‌ಗಳ ಪಕ್ಕಕ್ಕೇ ಅಂಟಿಕೊಂಡು ಹಾರಬೇಡಿ, ಮುಂದೆ ಹೋಗಿ ಜರ್ಮನ್ ಫೈಟರ್‌ಗಳನ್ನು ಹುಡುಕಿ ಹೊಡೆಯಿರಿ, ಅವರು ಇಳಿಯುವ ನೆಲೆಗಳವರೆಗೂ ಅಟ್ಟಿಸಿ ಎಂದು ಫೈಟರ್ ಪೈಲಟ್‌ಗಳಿಗೆ ಹೇಳಿದರು. ಬಾಂಬರ್ ಸಿಬ್ಬಂದಿಗೆ ಇದು ತಮ್ಮನ್ನು ಬಿಟ್ಟುಕೊಟ್ಟಂತೆ ಕಂಡಿತು, ಸಿಟ್ಟಾದರು. ಆದರೆ ಆ ವರ್ಷದ ಮೊದಲ ನಾಲ್ಕು ತಿಂಗಳಲ್ಲಿ ಜರ್ಮನಿ ಹಗಲಿನ ಫೈಟರ್ ಪೈಲಟ್‌ಗಳನ್ನೇ ಸಾವಿರಕ್ಕೂ ಹೆಚ್ಚು ಕಳೆದುಕೊಂಡಿತು. ಹೊಸ ವಿಮಾನಗಳು ಕಾರ್ಖಾನೆಯಿಂದ ಬರುತ್ತಲೇ ಇದ್ದವು, ಹಾರಿಸಬಲ್ಲ ನುರಿತ ಕೈಗಳು ಉಳಿಯಲಿಲ್ಲ. ರಕ್ಕಸಗಿ ತಂಗಡಗಿಯ ಬಯಲಿನಲ್ಲಿ ವಿಜಯನಗರ ಸೋತಂತೆ, ಜರ್ಮನಿಯೂ ತನ್ನ ಹೊರಬಯಲಿನ ಪಡೆಯನ್ನು ಸೋತಿತು.

ಮೈಗವಚದ ಮಾತಿಗೆ ಬಂದರೆ ಸಂಡೂರಿನವರ ಕಿವಿ ನಿಮಿರಬೇಕು. ಬಾಂಬರ್ ಸಿಬ್ಬಂದಿಯ ಎದೆಗೆ ಹೊಕ್ಕ ಲೋಹದ ಚೂರುಗಳು ಬಹಳ ಸಲ ಕಡಿಮೆ ವೇಗದವು ಎಂದು ಅಮೆರಿಕದ ಸೇನಾ ವೈದ್ಯ ಮಾಲ್ಕಮ್ ಗ್ರೋ ಗಮನಿಸಿದರು. ಇಂಗ್ಲೆಂಡಿನಲ್ಲಿ ಖಡ್ಗ ಮಾಡುತ್ತಿದ್ದ ವಿಲ್ಕಿನ್‌ಸನ್ ಕಂಪನಿಯಿಂದ ಒಂದು ಅಂಗಿ ಮಾಡಿಸಿದರು. ಎರಡು ಅಂಗುಲದ ಉಕ್ಕಿನ ಚೌಕಗಳನ್ನು ಒಂದರ ಮೇಲೊಂದು ಬರುವಂತೆ ಕ್ಯಾನ್ವಾಸಿನಲ್ಲಿ ಹೊಲಿದ ಅಂಗಿ. ಆ ಉಕ್ಕು ಮ್ಯಾಂಗನೀಸ್ ಉಕ್ಕು. ನೂರಕ್ಕೆ ಹನ್ನೆರಡು ಹದಿಮೂರು ಪಾಲು ಮ್ಯಾಂಗನೀಸ್ ಬೆರೆತರೆ ಉಕ್ಕಿಗೆ ವಿಚಿತ್ರ ಗುಣ ಬರುತ್ತದೆ: ಪೆಟ್ಟು ಬಿದ್ದಷ್ಟೂ ಮೇಲ್ಮೈ ಗಟ್ಟಿಯಾಗುತ್ತದೆ, ಸೀಳುವುದಿಲ್ಲ. ಸಂಡೂರಿನ ದೇವಗಿರಿ, ಸುಬ್ಬರಾಯನಹಳ್ಳಿಯ ಗುಡ್ಡಗಳಿಂದ ಅಗೆದು ತೆಗೆಯುವ ಅದಿರು ಇದೇ ಮ್ಯಾಂಗನೀಸಿನದು. ನಮ್ಮ ಗುಡ್ಡದ ಮಣ್ಣು ಯಾವ ಯಾವ ಕೆಲಸಕ್ಕೆ ಹೋಗುತ್ತದೆ ಎಂದು ಕೇಳುವ ಮಕ್ಕಳಿಗೆ ರೈಲು ಹಳಿಯ ಜೊತೆ ಇದನ್ನೂ ಹೇಳಬಹುದು.

ವಿಮಾನಕ್ಕೆ ಕವಚ ಎಲ್ಲಿ ಹಾಕಬೇಕು ಎಂಬುದು ಇನ್ನೂ ಗಹನವಾದ ಪ್ರಶ್ನೆ. ಎಲ್ಲ ಕಡೆ ಹಾಕಿದರೆ ವಿಮಾನ ಮೇಲೇಳುವುದಿಲ್ಲ. ಮರಳಿ ಬಂದ ವಿಮಾನಗಳ ಮೈಮೇಲಿನ ತೂತುಗಳ ಲೆಕ್ಕ ನ್ಯೂಯಾರ್ಕಿನ ಗಣಿತಜ್ಞ ಅಬ್ರಹಾಂ ವಾಲ್ಡ್ ಮುಂದೆ ಬಂತು. ತೂತು ಹೆಚ್ಚು ಇರುವಲ್ಲಿ ಕವಚ ಹಾಕಬೇಕೆಂದು ಯಾರಿಗಾದರೂ ಅನಿಸುತ್ತದೆ. ವಾಲ್ಡ್ ಮರಳಿ ಬಾರದ ವಿಮಾನಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಮೈಮೇಲೆ ಇಷ್ಟು ತೂತು ಬಿದ್ದೂ ಇವು ಬಂದಿವೆ ಎಂದರೆ ಆ ಪೆಟ್ಟು ತಡೆದುಕೊಳ್ಳುವಂಥದ್ದು. ಎಂಜಿನ್ನಿಗೆ ಪೆಟ್ಟು ತಿಂದವು ಕಡಿಮೆ ಕಾಣುತ್ತಿವೆ ಎಂದರೆ ಅಂಥವು ಮರಳಲೇ ಇಲ್ಲ. ಬಿದ್ದ ವಿಮಾನವನ್ನು ನೋಡದೆಯೇ ಅದರ ಗಾಯ ಎಲ್ಲಿತ್ತೆಂದು ಅಂದಾಜು ಮಾಡುವ ಲೆಕ್ಕವನ್ನು ಅವರು 1943ರಲ್ಲಿ ಕಟ್ಟಿಕೊಟ್ಟರು. ಈ ವಾಲ್ಡ್ ಭಾರತ ಸರ್ಕಾರದ ಆಹ್ವಾನದ ಮೇಲೆ ಉಪನ್ಯಾಸ ಕೊಡಲು ಬಂದಿದ್ದಾಗ, 1950ರ ಡಿಸೆಂಬರ್ 13ರಂದು, ಅವರಿದ್ದ ಏರ್ ಇಂಡಿಯಾ ವಿಮಾನ ನೀಲಗಿರಿಯ ಬೆಟ್ಟಕ್ಕೆ ಬಡಿಯಿತು. ಕನ್ನಡದ ಬಳಗಕ್ಕೇ ಸೇರಿದ ಬಡಗರ ಸೀಮೆ ಅದು. ಹೆಂಡತಿಯೂ ಜೊತೆಯಲ್ಲಿ ತೀರಿಕೊಂಡರು. ಅಷ್ಟು ಜನ ವೈಮಾನಿಕರ ಜೀವದ ಲೆಕ್ಕ ಹಾಕಿದ ಮನುಷ್ಯ ನಮ್ಮ ನೆರೆಯ ಬೆಟ್ಟದಲ್ಲಿ ಹೀಗೆ ಹೋದರಲ್ಲ ಎಂದು ನನಗೆ ಈಗಲೂ ಸಂಕಟವಾಗುತ್ತದೆ.

ರಾತ್ರಿ ಹಾರಿದ ಬ್ರಿಟಿಷರ ಪಾಡು ಇನ್ನೂ ಕರುಣಾಜನಕ. ಕತ್ತಲೇ ಕವಚ ಎಂದುಕೊಂಡಿದ್ದರು. ಅವರ ಲ್ಯಾಂಕಾಸ್ಟರ್‌ಗಳ ಗನ್ನು ಸಣ್ಣವು, ಹೊಟ್ಟೆಯ ಕಡೆ ಕಾವಲೇ ಇಲ್ಲ. ಜರ್ಮನ್ ರಾತ್ರಿ ಫೈಟರ್‌ಗಳು ರೇಡಾರ್ ಹಿಡಿದು ಕೆಳಗಿನಿಂದ ಬಂದು, ಮೇಲ್ಮುಖವಾಗಿ ಕೂರಿಸಿದ ಫಿರಂಗಿಯಿಂದ ರೆಕ್ಕೆಯ ಪೆಟ್ರೋಲಿಗೆ ಹೊಡೆಯುತ್ತಿದ್ದವು. ಹೊಡೆದವನು ಯಾರೆಂದು ಬಾಲದ ಗನ್ನರ್‌ಗೆ ಕಾಣುತ್ತಲೇ ಇರಲಿಲ್ಲ. 1944ರ ಮಾರ್ಚ್ 30ರ ರಾತ್ರಿ ನ್ಯೂರೆಂಬರ್ಗ್‌ಗೆ ಹೋದ 795 ವಿಮಾನಗಳಲ್ಲಿ 95 ಬರಲಿಲ್ಲ. ಇಡೀ ಯುದ್ಧದಲ್ಲಿ ಬ್ರಿಟಿಷ್ ಬಾಂಬರ್ ಪಡೆಯ 1,25,000 ಜನರಲ್ಲಿ 55,573 ಜನ ಸತ್ತರು. ಆ ಪಡೆಯಲ್ಲಿ ಲೆಕ್ಕದ ಕೆಲಸ ಮಾಡುತ್ತಿದ್ದ ಹುಡುಗ, ಮುಂದೆ ದೊಡ್ಡ ಭೌತವಿಜ್ಞಾನಿಯಾದ ಫ್ರೀಮನ್ ಡೈಸನ್, ಗನ್‌ಗೂಡುಗಳನ್ನೇ ಕಿತ್ತುಹಾಕಿದರೆ ವಿಮಾನ ಗಂಟೆಗೆ 50 ಮೈಲಿ ಹೆಚ್ಚು ವೇಗ ಹೋಗುತ್ತದೆ, ಸತ್ತರೂ ಕಡಿಮೆ ಜನ ಸಾಯುತ್ತಾರೆ ಎಂಬ ವಾದದ ಪರವಾಗಿದ್ದರು. ಮೇಲಿನವರು ಕಿವಿಗೊಡಲಿಲ್ಲ. ಆದರೆ ಗನ್ನಿಲ್ಲದ ಬಾಂಬರ್ ಅವರ ಬಳಿಯೇ ಇತ್ತು. ಮರದಿಂದ ಮಾಡಿದ, ಇಬ್ಬರೇ ಕೂರುವ ಮಾಸ್ಕಿಟೋ ಬರೀ ವೇಗದಿಂದ ತಪ್ಪಿಸಿಕೊಂಡು, ಆ ಪಡೆಯಲ್ಲೇ ಅತಿ ಕಡಿಮೆ ನಷ್ಟ ಅನುಭವಿಸಿತು.

ಗನ್ ಕಿತ್ತು ಹಗುರಾಗುವ ಈ ದಾರಿ ಎಲ್ಲಿಗೆ ಮುಟ್ಟಿತು ಎಂಬುದನ್ನು ಹೇಳದೆ ಬಿಡುವುದು ಸರಿಯಲ್ಲ. 1945ರ ಮಾರ್ಚ್ 9ರ ರಾತ್ರಿ ಅಮೆರಿಕದ ಕರ್ಟಿಸ್ ಲೆಮೇ ಬಿ-29 ವಿಮಾನಗಳ ಬಹುಪಾಲು ಗನ್‌ಗಳನ್ನೂ ಗುಂಡುಗಳನ್ನೂ ಇಳಿಸಿ, ಆ ತೂಕಕ್ಕೆ ಬೆಂಕಿಬಾಂಬು ತುಂಬಿ ಟೋಕಿಯೊಗೆ ಕಳಿಸಿದರು. ಒಂದೇ ರಾತ್ರಿಯಲ್ಲಿ ಲಕ್ಷದಷ್ಟು ಜನ ಸುಟ್ಟು ಸತ್ತರು. ಬಾಂಬರ್ ಸುರಕ್ಷಿತವಾದಷ್ಟೂ ಕೆಳಗಿನವರು ಅನಾಥರಾಗುತ್ತಾರೆ. ಹೊಸಪೇಟೆಯಿಂದ ಕಂಪ್ಲಿಯವರೆಗೆ ತುಂಗಭದ್ರೆಯ ಕೆಳದಂಡೆಯಲ್ಲಿ ಬದುಕುವ ನಮಗೆ ಇನ್ನೊಂದು ಉದಾಹರಣೆ ತಾಗುತ್ತದೆ. 1943ರ ಮೇ 16ರ ರಾತ್ರಿ ಜರ್ಮನಿಯ ಅಣೆಕಟ್ಟುಗಳನ್ನು ಒಡೆಯಲು 19 ಲ್ಯಾಂಕಾಸ್ಟರ್‌ಗಳು ಬೆನ್ನಿನ ಗನ್‌ಗೂಡು ಕಳಚಿಟ್ಟು, ಫೈಟರ್‌ಗಳ ಕಣ್ಣು ತಪ್ಪಿಸಲು ಮರದ ತುದಿಯ ಎತ್ತರದಲ್ಲಿ ಹಾರಿಹೋದವು. 8 ವಿಮಾನ ಬಿದ್ದು 53 ಜನ ಸತ್ತರು. ಕಲ್ಲುಗಾರೆಯ ಮ್ಯೋನೆ ಅಣೆ ಒಡೆದು, ಕೆಳಗಿನ ಕಣಿವೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ನೀರುಪಾಲಾದರು. ಜರ್ಮನರು ಸೆರೆಹಿಡಿದು ತಂದು ದುಡಿಸುತ್ತಿದ್ದ ಹೆಣ್ಣುಮಕ್ಕಳು ಅವರಲ್ಲಿ ಬಹಳ ಮಂದಿ. ಅದಾಗಿ ಎರಡು ವರ್ಷವೂ ತುಂಬುವ ಮೊದಲು, 1945ರ ಫೆಬ್ರುವರಿ 28ರಂದು, ನಮ್ಮ ತುಂಗಭದ್ರೆಯ ಕಲ್ಲುಗಾರೆಯ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು.

ಮತ್ತೆ 5ನೇ ಸ್ಕ್ವಾಡ್ರನ್ನಿಗೆ ಬರೋಣ. ಬೆಂಗಳೂರು ಕೊಟ್ಟ ಲಿಬರೇಟರ್‌ಗಳನ್ನು ಅದು 1957ರವರೆಗೆ ಹಾರಿಸಿತು. ಆಮೇಲೆ ಬಂದದ್ದು ಕ್ಯಾನ್‌ಬೆರಾ ಎಂಬ ಜೆಟ್ ಬಾಂಬರ್. ಅದರ ಬೆನ್ನಲ್ಲಾಗಲಿ ಬಾಲದಲ್ಲಾಗಲಿ ಒಂದೂ ಕಾವಲು ಗನ್ನಿಲ್ಲ. ಮುಂದಕ್ಕೆ ಹೊಡೆಯುವ ಫಿರಂಗಿ ಮಾತ್ರ. ಒಂದೇ ದಶಕದಲ್ಲಿ, ಒಂದೇ ಸ್ಕ್ವಾಡ್ರನ್ನಿನಲ್ಲಿ ಹತ್ತು ಗನ್ನಿನ ಕಾವಲು ಸೊನ್ನೆಗಿಳಿಯಿತು. ಈಗ ಕಾಯಬೇಕಾದದ್ದು ಎತ್ತರ, ವೇಗ, ಕತ್ತಲು. 1961ರಲ್ಲಿ ವಿಶ್ವಸಂಸ್ಥೆಯ ಪರವಾಗಿ ಕಾಂಗೋಗೆ ಹೋದ ಈ ಸ್ಕ್ವಾಡ್ರನ್, ಕೋಲ್ವೇಜಿ ವಿಮಾನನೆಲೆಯಲ್ಲಿ ಎದುರಾಳಿಯ ವಿಮಾನಗಳನ್ನು ನೆಲದ ಮೇಲೇ ಹೊಡೆದುಹಾಕಿತು. ಬಾಂಬರ್ ಪಾಲಿಗೆ ಅದಕ್ಕಿಂತ ಒಳ್ಳೆಯ ರಕ್ಷಣೆ ಇಲ್ಲ. 1965ರ ಸೆಪ್ಟೆಂಬರಿನಲ್ಲಿ ವಿಂಗ್ ಕಮಾಂಡರ್ ಪಿ.ಪಿ. ಸಿಂಗ್ ನೇತೃತ್ವದಲ್ಲಿ ಕ್ಯಾನ್‌ಬೆರಾಗಳು ರಾತ್ರಿಯಲ್ಲಿ ಪೇಶಾವರದವರೆಗೆ ಹೋಗಿ ಬಾಂಬು ಹಾಕಿ ಬಂದವು. ಅವರಿಗೆ ಮಹಾವೀರ ಚಕ್ರ ಸಂದಿತು. ಆದರೆ ಅದೇ ತಿಂಗಳ 21ರ ರಾತ್ರಿ ದಾಳಿ ಮುಗಿಸಿ ಮರಳುತ್ತಿದ್ದ ಭಾರತದ ಒಂದು ಕ್ಯಾನ್‌ಬೆರಾವನ್ನು ಪಾಕಿಸ್ತಾನದ ಸ್ಟಾರ್‌ಫೈಟರ್ ಹಿಂದಿನಿಂದ ಬಂದು ಕ್ಷಿಪಣಿಯಿಂದ ಕೆಡವಿತು. ಪೈಲಟ್ ಸೆರೆಯಾದರು, ನ್ಯಾವಿಗೇಟರ್ ಪ್ರಾಣ ತೆತ್ತರು. ಎಂಜಿನ್ನಿನ ಬಿಸಿಯನ್ನೇ ಹುಡುಕಿ ಬರುವ ಕ್ಷಿಪಣಿಗೆ ಕತ್ತಲು ಅಡ್ಡವಲ್ಲ ಎಂದು ಆ ರಾತ್ರಿ ಗೊತ್ತಾಯಿತು. 1971ರಲ್ಲಿ ನಮ್ಮವರು ಸರಕು ಸಾಗಿಸುವ ಎಎನ್-12 ವಿಮಾನಗಳನ್ನೇ ಬಾಂಬರ್ ಮಾಡಿಕೊಂಡು ಚಾಂಗಾ ಮಾಂಗಾ ಕಾಡಿನ ಮದ್ದುಗುಂಡಿನ ದಾಸ್ತಾನಿಗೆ ಹೋದರು. ವಿಂಗ್ ಕಮಾಂಡರ್ ವಶಿಷ್ಠ ಅವರ ಆ ಪಡೆ ನಂಬಿದ್ದು ನೆಲಕ್ಕೆ ಹತ್ತಿರದ ಹಾರಾಟವನ್ನು.

ಅಮೆರಿಕದ ಬಾಂಬರ್‌ಗಳಲ್ಲಿ ಬಾಲದ ಗನ್ನು ಕೊನೆಯವರೆಗೂ ಉಳಿದದ್ದು ಬಿ-52ರಲ್ಲಿ. 1991ರಲ್ಲಿ ಆ ಗನ್ನರ್‌ನನ್ನೂ ಇಳಿಸಿದರು.

ಗನ್ನರ್‌ಗಳ ಧೈರ್ಯದ ಬಗ್ಗೆ ನನಗೆ ತುಂಬು ಗೌರವವಿದೆ. ಸಿಟ್ಟಿರುವುದು ಅವರನ್ನು ಕಳಿಸಿದವರ ಮೇಲೆ. ಕಳಚಿ ಬೀಳುವ ಪೆಟ್ರೋಲ್ ಟ್ಯಾಂಕು 1943ರಲ್ಲಿ ಹೊಸ ವಿದ್ಯೆಯೇನಲ್ಲ. 1930ರ ದಶಕದಲ್ಲೇ ಸ್ಪೇನಿನ ಆಕಾಶದಲ್ಲೂ ಚೀನಾದ ಆಕಾಶದಲ್ಲೂ ಬಳಸಿದ್ದರು. ಬಾಂಬರ್ ತನ್ನನ್ನು ತಾನೇ ಕಾದುಕೊಳ್ಳುತ್ತದೆ ಎಂಬ ಸಿದ್ಧಾಂತಕ್ಕೆ ಜೋತುಬಿದ್ದವರಿಗೆ ಬೆಂಗಾವಲು ಬೇಕೆಂದು ಒಪ್ಪುವುದೇ ಸೋಲಾಗಿ ಕಂಡಿತ್ತು. ಎಂಟನೇ ವಾಯುಪಡೆಯೊಂದರಲ್ಲೇ ಸತ್ತ 26,000 ಜನರಲ್ಲಿ ಹಲವು ಸಾವಿರ ಜನ ಆ ಹಟಕ್ಕೆ ಬಲಿಯಾದವರು.

ದಿಲ್ಲಿಗೆ ಹೋಗುವವರು ಪಾಲಂನ ವಾಯುಪಡೆ ವಸ್ತುಸಂಗ್ರಹಾಲಯದಲ್ಲಿ ಭಾರತೀಯ ವಾಯುಪಡೆಯ ಒಂದು ಲಿಬರೇಟರನ್ನು ನೋಡಬಹುದು. 1968ರಲ್ಲಿ ಈ ವಿಮಾನಗಳು ನಿವೃತ್ತವಾದ ಮೇಲೆ ನಮ್ಮಲ್ಲಿಂದ ಹೋದವು ಲಂಡನ್ನಿನಲ್ಲೂ ಕೆನಡಾದಲ್ಲೂ ಅಮೆರಿಕದಲ್ಲೂ ಉಳಿದಿವೆ. ಹದಿನೆಂಟು ಸಾವಿರಕ್ಕೂ ಹೆಚ್ಚು ತಯಾರಾದ ಈ ಬಾಂಬರಿನ ಬೆರಳೆಣಿಕೆಯ ಪಳೆಯುಳಿಕೆಗಳಲ್ಲಿ ಇಷ್ಟು ಉಳಿದದ್ದು ಬೆಂಗಳೂರಿನ ಕೆಲಸಗಾರರು ಗುಜರಿಯಿಂದ ಎತ್ತಿ ತಂದದ್ದರಿಂದ.